ಪದಕದ ಮುಖ

"ನನಗೆ ನೀನೇ ಮೊದಲನೆಯವಳು, ನೀನೇ ಕೊನೆಯವಳು" ಎಂದು ಮಲ್ಲೇಶಿ ಮದುವೆಗೆ ಮುಂಚೆ ಕಸ್ತೂರಿಗೆ ಮಾತು ಕೊಟ್ಟಿದ್ದ. ಕೊಂಡಿ ಮುರಿದ ಬೆಳ್ಳಿ ಸರವನ್ನು ಅಕ್ಕಸಾಲಿಗನ ಮುಂದಿಡುವವರೆಗೂ ಅವಳು ಅದನ್ನು ನಂಬಿದ್ದಳು. ಮನೆ ತುಂಬಿಸಿಕೊಂಡ ದಿನ ಅತ್ತೆ ಕೈಯಾರೆ ಅವಳ ಕೊರಳಿಗೆ ಹಾಕಿದ ಹಳೆಯ ಸರವದು. ಪದಕದಲ್ಲಿದ್ದ ಸವೆದ ಹೆಣ್ಣುಮುಖವನ್ನು ಅವಳು ದೇವಿಯೆಂದುಕೊಂಡಿದ್ದಳು.

"ದೇವಿ ಅಲ್ಲ ತಂಗೀ, ಇದು ಸವತಿ ತಾಳಿ. ನಮ್ಮ ವಿಜಯಪುರದ ಕಡೀ ಹಳೇ ಕೆಲಸ. ಮೊದಲನೇ ಹೆಂಡ್ತಿ ಸತ್ರ, ಆಕಿ ಮುನೀಬಾರ್ದು ಅಂತ ಎರಡನೇದಾಕಿ ಆಕಿ ಮುಖ ಕೆತ್ತಿಸಿ ಇದನ್ನ ಹಾಕ್ಕೊಂಡು ದಿನಾ ಕುಂಕುಮ ಹಚ್ಚತಿದ್ಲು" ಎಂದ ಅಕ್ಕಸಾಲಿಗ.

ಮನೆಗೆ ಬಂದವಳೇ ಸರವನ್ನು ಉಣ್ಣುತ್ತಿದ್ದ ಗಂಡನ ತಟ್ಟೆಯ ಪಕ್ಕಕ್ಕೆ ಕುಕ್ಕಿದಳು.

"ಯಾರಿಕಿ? ಯಾವಾಗ ಸತ್ಲು?"

"ನನಗೇನ್ ಗೊತ್ತು? ಅವ್ವನ್ನ ಕೇಳು."

"ನಿಮ್ಮ ಹೆಂಡ್ತಿ ಸುದ್ದಿ ಅತ್ತೀನ್ನ ಯಾಕ ಕೇಳ್ಲಿ? ವರದಕ್ಷಿಣಿ ಬ್ಯಾಡ ಅಂದಾಗನ ನಮ್ಮಪ್ಪಗ ಸಂಶಯ ಬರಬೇಕಿತ್ತು!"

"ನಿನ್ನ ಬಿಟ್ಟು ಇನ್ನೊಂದು ಲಗ್ನಾನ ಆಗಿಲ್ಲ ಮಾರಾಯ್ತಿ, ಅವ್ವನ ಆಣಿ!"

"ಆಣಿ ಬ್ಯಾಡ. ನಾಳೆ ತವರಿಗೆ ಹೊಂಟೆ, ಮತ್ತ ಬರಂಗಿಲ್ಲ."

ಒಲೆಯ ಮುಂದೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಅತ್ತೆ ಹಿಟ್ಟಿನ ಕೈಯಲ್ಲೇ ಬಂದು ಸರವನ್ನೆತ್ತಿಕೊಂಡು, ಪದಕವನ್ನು ಸೆರಗಿನಿಂದ ಒರೆಸಿದಳು.

"ಅವನ್ನ ಬೈಬ್ಯಾಡವ್ವಾ. ಎರಡನೇದಾಕಿ ನಾನು. ಇವನ್ನ ಹಡೆದಾಕಿ ನಮ್ಮಕ್ಕ. ಸೊಸೀ ಕೊರಳಾಗ ಆಕಿ ಆಶೀರ್ವಾದ ಇರ್ಲಿ ಅಂತ ಹಾಕಿದ್ದೆ. ಮಗಗ ಎಂದೂ ಹೇಳಂಗಿಲ್ಲ ಅಂತ, ಸಾಯೋ ಮುಂದ ಆಕಿಗೆ ಮಾತು ಕೊಟ್ಟಿದ್ದೆ."

ಮಲ್ಲೇಶಿಯ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು.

ಅಕ್ಕನಿಗೆ ಕೊಟ್ಟ ಮಾತು ಮುರಿಯಿತು.