ಜೋಡಿ ಬಿಡಿಸುವ ದಿನ

ಹೃದಯದ ಆಪರೇಷನ್ ಆದವರನ್ನು ಸರ್ಕಾರಿ ಆಸ್ಪತ್ರೆಯವರು ಒಬ್ಬಂಟಿಯಾಗಿ ಮನೆಗೆ ಕಳಿಸುವುದಿಲ್ಲ, ಇಬ್ಬಿಬ್ಬರ ಎದೆಬಡಿತವನ್ನು ಜೋಡಿ ಮಾಡಿಯೇ ಕಳಿಸುತ್ತಾರೆ. ತುಮಕೂರಿನ ಸರ್ವಮಂಗಳಮ್ಮನವರ ಜೋಡಿ ಚಳ್ಳಕೆರೆಯ ತಿಪ್ಪೇಸ್ವಾಮಿ. ಅವರು ಅಲ್ಲಿ ಬಸ್ಸಿನ ಹಿಂದೆ ಓಡಿದರೆ ಇಲ್ಲಿ ಇವರ ಎದೆ ಹೊಡೆದುಕೊಳ್ಳುತ್ತದೆ. ಇವರು ವಾಕಿಂಗ್ ತಪ್ಪಿಸಿದರೆ ಅವರ ಎದೆ ಭಾರವಾಗುತ್ತದೆ. ಇಬ್ಬರೂ ಮುಖ ನೋಡಿದವರಲ್ಲ, ಫೋನಿನಲ್ಲಿ ಜಗಳವಾಡಿದ್ದೇ ಹೆಚ್ಚು.

ಇವತ್ತು ಜೋಡಿ ಬಿಡಿಸಲು ಸಿಸ್ಟರ್ ನಸೀಮಾ ಮನೆಗೇ ಬಂದಿದ್ದರು.

"ಇಬ್ಬರೂ ಗುಣವಾಗಿದ್ದೀರಲ್ಲ, ಇನ್ನೇನಮ್ಮ?"

"ಹೂಂ, ಪೀಡೆ ತೊಲಗಿತು," ಅಂದರು ಸರ್ವಮಂಗಳಮ್ಮ. ಅವರೆಕಾಯಿ ಸುಲಿಯುತ್ತಿದ್ದ ಕೈ ಮಾತ್ರ ನಿಂತಿತು. "ನಿನ್ನೆ ಆ ಮನುಷ್ಯನಿಗೂ ಹೇಳಿದೆ. ಸರಿ ಬಿಡಿ ಅಂತ ಫೋನ್ ಇಟ್ಟುಬಿಟ್ಟರು."

ಸಿಸ್ಟರ್ ಚೀಲದಿಂದ ಮಿಷನ್ ತೆಗೆಯುವಷ್ಟರಲ್ಲಿ, ಕೂತಲ್ಲೇ ಸರ್ವಮಂಗಳಮ್ಮನವರ ಎದೆ ಡಬಡಬ ಹೊಡೆದುಕೊಳ್ಳತೊಡಗಿತು. ಸಿಸ್ಟರ್ ಗಾಬರಿಯಿಂದ ನಾಡಿ ಹಿಡಿದರು.

"ಇದು ನಂದಲ್ಲ ಸಿಸ್ಟರ್. ಅವರು ಎಲ್ಲೋ ಮೆಟ್ಟಿಲು ಹತ್ತುತ್ತಿದ್ದಾರೆ. ನಿಧಾನಕ್ಕೆ ಹತ್ತಿ ಅಂದರೆ ಕೇಳುವ ಜಾತಿಯಲ್ಲ."

ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಹೊರಗಿನಿಂದ ಏದುಸಿರಿನ ದನಿ ಕೇಳಿಸಿತು.

"ಮನೆ ಮೂರನೇ ಮಹಡಿಯಲ್ಲಿದೆ ಅಂತ ಒಂದು ಮಾತು ಹೇಳಬಾರದಿತ್ತೇನ್ರೀ?"

ಸರ್ವಮಂಗಳಮ್ಮ ಸೆರಗು ಸರಿಮಾಡಿಕೊಂಡು ಎದ್ದರು.

"ಆ ಮಿಷನ್ ಒಳಗಿಡಿ ಸಿಸ್ಟರ್. ನಮಗಿಬ್ಬರಿಗೂ ಇನ್ನೂ ಗುಣವಾಗಿಲ್ಲ."