ಐದನೇ ಆಸನ

ಬಾಗಿಲಿನ ದುಂಡು ಗಾಜಿನಾಚೆ ಅಕ್ಕ ರಕ್ತದ ಕೊಳವೆಗಳ ಚೀಟಿ ಕೀಳುತ್ತಿದ್ದಳು. ತಂಗಿ ಹೊರಗೆ ನಿಂತು ನೋಡಿದಳು.

ಎರಡೇ ಕೊಳವೆ. ಒಂದು ಅಕ್ಕನದು, ಇನ್ನೊಂದು ತನ್ನದು. ಬೆಳಿಗ್ಗೆಯಷ್ಟೇ ಡಾಕ್ಟರು ಇಬ್ಬರ ತೋಳಿನಿಂದಲೂ ರಕ್ತ ತೆಗೆದು, ಹೆಸರಿನ ಚೀಟಿ ಅಂಟಿಸಿ, ಈ ತಣ್ಣನೆಯ ಕೋಣೆಯಲ್ಲಿ ಇಟ್ಟಿದ್ದರು. ಅಕ್ಕ ಇದರ ಚೀಟಿಯನ್ನು ಅದಕ್ಕೆ, ಅದರದನ್ನು ಇದಕ್ಕೆ ಅಂಟಿಸಿ, ಉಗುರಿನಿಂದ ಅಂಚು ತೀಡಿದಳು. ಆಮೇಲೆ ಏನೂ ಆಗಿಲ್ಲವೆಂಬಂತೆ ಹೊರಬಂದು ಊಟದ ಕೋಣೆಯತ್ತ ನಡೆದಳು. ಪಕ್ಕದ ಕಪಾಟಿನ ಮರೆಗೆ ಸರಿದಿದ್ದ ತಂಗಿ ಅವಳಿಗೆ ಕಾಣಲಿಲ್ಲ.

ಅನುಮಾನ ಸುಳ್ಳಾಗಲಿಲ್ಲ.

ನೌಕೆ ಹೊರಟು ಇಪ್ಪತ್ನಾಲ್ಕು ವರ್ಷವಾಗಿತ್ತು. ಕಾಲಿಡಬಹುದಾದಂಥ ಗ್ರಹ ಸಿಕ್ಕಿದ್ದು ಇದೇ ಮೊದಲು. ಒಂಬತ್ತು ದಿನ ಅದನ್ನು ಸುತ್ತಿ ನೌಕೆ ಮುಂದಕ್ಕೆ ಹೊರಟುಬಿಡುತ್ತದೆ. ಅಷ್ಟರೊಳಗೆ ಐದೇ ಜನ ಕೆಳಗಿಳಿದು ಬರಬಹುದು. ನಾಲ್ಕು ಆಸನ ತುಂಬಿದ್ದವು. ಐದನೆಯದು ಮಣ್ಣು ಪರೀಕ್ಷಿಸಲು ತೋಟದವರಿಗೆ. ನೌಕೆಯ ತೋಟ ನೋಡಿಕೊಳ್ಳುವವರು ಈ ಅಕ್ಕತಂಗಿ ಇಬ್ಬರೇ, ಕೆಲಸದಲ್ಲಿ ಒಬ್ಬರಿಗಿಂತ ಒಬ್ಬರು ಮೇಲು. ಕಪ್ತಾನರು ತಲೆ ಕೆರೆದುಕೊಂಡು, ಯಾರ ರಕ್ತ ಚೆನ್ನಾಗಿದೆಯೋ ಅವರೇ ಹೋಗಲಿ ಎಂದುಬಿಟ್ಟಿದ್ದರು.

ನೌಕೆ ಹತ್ತಿದಾಗ ಅಕ್ಕನಿಗೆ ಎಂಟು ವರ್ಷ. ತಂಗಿ ಮೂರು ತಿಂಗಳ ಕೂಸು. ಅಕ್ಕ ನೆಲದ ಮೇಲೆ ಓಡಾಡಿದವಳು, ಬಿದ್ದು ಮಂಡಿ ತರಚಿಕೊಂಡವಳು. ತಂಗಿ ಲೋಹದ ಹಾಸು ಬಿಟ್ಟರೆ ಬೇರೇನನ್ನೂ ತುಳಿದವಳಲ್ಲ. ತೋಟದ ಗಿಡಗಳಿಗೂ ನೀರೇ ಗತಿ, ಮಣ್ಣಿಲ್ಲ. ಚಿಕ್ಕಂದಿನಲ್ಲಿ ಅಕ್ಕ ಒದ್ದೆ ಮಣ್ಣಿನ ವಾಸನೆಯ ಬಗ್ಗೆ ಹೇಳತೊಡಗಿದರೆ ಇವಳು ಕಿವಿ ಮುಚ್ಚಿಕೊಂಡು ಎದ್ದು ಹೋಗುತ್ತಿದ್ದಳು. ದೊಡ್ಡವಳಾದ ಮೇಲೆ ಕಿವಿ ಮುಚ್ಚಿಕೊಳ್ಳುವುದು ನಿಂತಿತ್ತು, ಹೊಟ್ಟೆಕಿಚ್ಚು ನಿಂತಿರಲಿಲ್ಲ. ಎಂಟು ವರ್ಷ ಸಾಲದೆ ಅಕ್ಕನಿಗೆ? ಮತ್ತೆ ಅವಳೇ ಇಳಿಯಬೇಕೆ?

ಅಕ್ಕನ ನಡವಳಿಕೆ ಬದಲಾಗಿ ಇಪ್ಪತ್ತು ದಿನವಾಗಿತ್ತು. ಸಸಿಗಳ ತಟ್ಟೆ ಎತ್ತುವಾಗ ತಂಗಿಗೆ ತಲೆ ಸುತ್ತಿ ಬಂದದ್ದೇ ನೆಪ. ಡಾಕ್ಟರು ಪರೀಕ್ಷೆ ಮಾಡಿ, ನಿಶ್ಶಕ್ತಿ ಎಂದು ಗುಳಿಗೆ ಕೊಟ್ಟು ಕಳಿಸಿದ್ದರು, ಅಷ್ಟೇ. ಅಕ್ಕ ಮಾತ್ರ ಅವತ್ತಿನಿಂದ ತೋಟದ ಭಾರದ ಕೆಲಸವನ್ನೆಲ್ಲ ತಾನೇ ಎಳೆದುಕೊಂಡಳು. ಕಪ್ತಾನರ ಕಣ್ಣಿಗೆ ಬೀಳಲೆಂದೇ ಇರಬೇಕು. ಹೊತ್ತುಗೊತ್ತಿಲ್ಲದೆ ಡಾಕ್ಟರ ಕೋಣೆಗೆ ಹೋಗುತ್ತಿದ್ದಳು. ತಂಗಿ ಹತ್ತಿರ ಬಂದರೆ ಇಬ್ಬರ ಮಾತೂ ನಿಲ್ಲುತ್ತಿತ್ತು. ಅಕ್ಕನ ಮುಖ ಬಾಡಿತ್ತು, ಕಣ್ಣು ಊದಿಕೊಂಡಿರುತ್ತಿದ್ದವು, ತಟ್ಟೆಯಲ್ಲಿ ಅರ್ಧ ಊಟ ಹಾಗೇ ಉಳಿಯುತ್ತಿತ್ತು. ಅಕ್ಕನಿಗೇನೋ ಕಾಯಿಲೆ ಇದೆ, ಅದನ್ನು ಮುಚ್ಚಿಡುತ್ತಿದ್ದಾಳೆ ಎಂದು ತಂಗಿ ಲೆಕ್ಕ ಹಾಕಿದ್ದಳು. ಕೇಳಿದರೆ ಅಕ್ಕ ನಿದ್ದೆ ಸರಿಯಾಗಿಲ್ಲ ಎಂದು ಜಾರಿಕೊಂಡಿದ್ದಳು.

ಈಗ ಎಲ್ಲ ಕೂಡಿಬಂತು. ಅಕ್ಕನ ಕೆಟ್ಟ ರಕ್ತ ತಂಗಿಯ ಹೆಸರಿಗೆ, ತಂಗಿಯ ಒಳ್ಳೆಯದು ಅಕ್ಕನ ಹೆಸರಿಗೆ. ಎರಡು ಹೆಜ್ಜೆ ಆಚೆ ಹೋಗುವಾಗಲೂ ಬೀಗ ಹಾಕುವ ಡಾಕ್ಟರು ಇವತ್ತು ಬಾಗಿಲು ತೆರೆದಿಟ್ಟು ಊಟಕ್ಕೆ ಹೋಗಿದ್ದರು. ಅವರೂ ಇದರಲ್ಲಿ ಶಾಮೀಲು.

ತಂಗಿ ಒಳಗೆ ಹೋದಳು. ಅಕ್ಕನನ್ನೇ ಕರೆದು ಕೇಳಿಬಿಡೋಣ ಎಂದು ಒಂದು ಗಳಿಗೆ ಅನ್ನಿಸಿತು. ಕೇಳಿದರೆ ಅಕ್ಕ ಏನಾದರೊಂದು ಹೇಳಿ ಬಾಯಿ ಮುಚ್ಚಿಸುತ್ತಾಳೆ, ಅದು ಹೊಸದಲ್ಲ. ಅವಳು ಚೀಟಿಗಳನ್ನು ಮೆಲ್ಲಗೆ ಬಿಡಿಸಿ, ಬೆಳಿಗ್ಗೆ ಡಾಕ್ಟರು ಅಂಟಿಸಿದ್ದ ಹಾಗೆಯೇ ಮತ್ತೆ ಅಂಟಿಸಿದಳು.

ಊಟದ ಮೇಜಿನಲ್ಲಿ ಅಕ್ಕ ಅವಳಿಗೆಂದು ಪಕ್ಕದ ಜಾಗ ಹಿಡಿದಿದ್ದಳು. ಎಷ್ಟೋ ದಿನದ ಮೇಲೆ ಅವಳ ಮುಖ ಅರಳಿತ್ತು.

"ಇಳಿದ ತಕ್ಷಣ ಓಡಾಡೋಕೆ ಹೋಗ್ಬೇಡ ಕಣೆ," ಎಂದಳು. "ಮೊದಲು ಸ್ವಲ್ಪ ಹೊತ್ತು ಸುಮ್ನೆ ನಿಂತ್ಕೋ."

ಗಾಯಕ್ಕೆ ಉಪ್ಪು ಸವರುವುದೆಂದರೆ ಇದೇ, ಎಂದುಕೊಂಡಳು ತಂಗಿ. "ಯಾರು ಇಳೀತಾರೋ ನೋಡೋಣ ಬಿಡಕ್ಕ," ಎಂದು ತಟ್ಟೆಗೆ ಮುಖ ತಗ್ಗಿಸಿದಳು.

ಊಟವಾದ ಮೇಲೆ ಕೊಳವೆಗಳು ಯಂತ್ರದೊಳಗೆ ಹೋದವು. ಫಲಿತಾಂಶ ಯಾರ ಕೈಗೂ ಸಿಗದೆ ನೇರ ಕಪ್ತಾನರ ಪರದೆಗೆ ಬೀಳುತ್ತದೆ. ಅಲ್ಲಿಂದ ಒಂದು ಸಲ ಹೊರಬಿದ್ದದ್ದನ್ನು ಯಾರೂ ತಿದ್ದಲಾರರು. ಗಂಟೆ ಕಳೆಯುವುದರೊಳಗೆ ಡಾಕ್ಟರು ತಂಗಿಯನ್ನು ಕರೆಸಿದರು. ತೊಟ್ಟಿಲಲ್ಲಿದ್ದಾಗಿನಿಂದ ಅವಳನ್ನು ನೋಡಿದ ಹೆಂಗಸು, ಇವತ್ತು ಮುಖ ಕೊಟ್ಟು ಮಾತಾಡಲಿಲ್ಲ. ಐದನೇ ಆಸನ ಅಕ್ಕನಿಗಾಯಿತು ಎಂದರು. ತಂಗಿಯ ಹೆಸರಿನ ರಕ್ತದಲ್ಲಿ ದೋಷವಿದೆಯಂತೆ, ಸಣ್ಣದಲ್ಲವಂತೆ.

ತಂಗಿ ಕುದಿದುಹೋದಳು. ಆದರೂ ದನಿ ಏರಿಸದೆ ಹೇಳಿದಳು:

"ಡಾಕ್ಟ್ರೇ, ಅಕ್ಕ ಚೀಟಿ ಅದಲುಬದಲು ಮಾಡಿದ್ದನ್ನ ನಾನು ಕಣ್ಣಾರೆ ನೋಡಿದೆ. ಅವಳು ಹೋದ ಮೇಲೆ ನಾನೇ ಸರಿಮಾಡಿದೆ. ಈಗ ನನ್ನ ಹೆಸರಲ್ಲಿರೋದು ನನ್ನ ರಕ್ತಾನೇ. ಅದರಲ್ಲಿ ದೋಷ ಎಲ್ಲಿಂದ ಬಂತು?"

ಡಾಕ್ಟರು ಕುರ್ಚಿ ಎಳೆದು ಅವಳ ಮುಂದೆ ಕೂತು, ಅವಳ ಎರಡೂ ಕೈ ಹಿಡಿದುಕೊಂಡರು.

"ನಿನಗೆ ಇನ್ನು ಹೆಚ್ಚಂದ್ರೆ ಒಂದು ವರ್ಷ ಅಂತ ಇಪ್ಪತ್ತು ದಿನದ ಹಿಂದೆ ನಾನೇ ನಿಮ್ಮಕ್ಕನಿಗೆ ಹೇಳಿದ್ದೆ ಮಗಳೇ. ಅಷ್ಟರೊಳಗೆ ನೀನು ಒಂದು ಸಲ ನೆಲ ಮುಟ್ಟಿ ಬರಲಿ ಅಂತ ಅವಳು ತನ್ನ ರಕ್ತಕ್ಕೆ ನಿನ್ನ ಹೆಸರು ಅಂಟಿಸಿದ್ಲು."