ಮಡಚಿ ಕೊಟ್ಟ ಪತ್ರ

"ಸಹಿ ಹಾಕೋ ಮೊದಲು ಕಾಗದದಲ್ಲಿ ಏನಿದೆ ಅಂತ ಯಾರಾದ್ರೂ ಓದಿ ಹೇಳಿದ್ರಾ ಅಜ್ಜಿ?" ಸಂಶೋಧಕಿ ಕೇಳಿದಳು. ಆಸ್ಪತ್ರೆಯಲ್ಲಿ ಇದು ಅವಳ ಸಮೀಕ್ಷೆಯ ಅರವತ್ತೆರಡನೆಯ ಹಾಸಿಗೆ. 'ಹಾಕಿ ಅಂದ್ರು, ಹಾಕಿದ್ವಿ' ಅಂದವರೇ ಹೆಚ್ಚು. ತಿಳಿಸದೆ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಎಂದು ಪ್ರಬಂಧದ ಕೊನೆಯಲ್ಲಿ ಡಾಕ್ಟರುಗಳನ್ನು ತರಾಟೆಗೆ ತೆಗೆದುಕೊಳ್ಳಲು ಅವಳು ತುದಿಗಾಲಲ್ಲಿ ನಿಂತಿದ್ದಳು.

ಸೊಂಟದ ಆಪರೇಷನ್ ಆಗಿ ಮಲಗಿದ್ದ ಅಜ್ಜಿ ಹುಬ್ಬು ಗಂಟಿಕ್ಕಿದರು. "ಯಾವ ಕಾಗದ ತಾಯಿ? ಆಪರೇಷನ್ ಕಾಗದ ಆದ್ರೆ, ಪಾಪ, ಆ ಡಾಕ್ಟರು ಇಲ್ಲೇ ಕೂತು ಪೂರ್ತಿ ಓದಿ ಹೇಳಿದ್ರು. ಈಗ ನೀನು ಸಹಿ ಹಾಕಿಸ್ಕೊಂಡೆಯಲ್ಲ, ಆ ಕಾಗದಾನ ಕೇಳ್ತಿದ್ದೀಯಾ?" ದನಿಯಲ್ಲಿ ಕುಹಕವಿರಲಿಲ್ಲ; ನಿಜಕ್ಕೂ ತಿಳಿಯದೆ ಕೇಳಿದ್ದರು.

ಸಂಶೋಧಕಿಯ ಕಿವಿ ಬಿಸಿಯಾಯಿತು. ಸಮೀಕ್ಷೆಯಲ್ಲಿ ಭಾಗವಹಿಸಲು ಒಪ್ಪಿದ್ದೇನೆ ಎನ್ನುವ ಮೂರು ಪುಟದ ಪತ್ರವನ್ನು, ಹೊತ್ತು ಉಳಿಯಲೆಂದು, ಸಹಿಯ ಜಾಗ ಮಾತ್ರ ಕಾಣುವಂತೆ ಮಡಚಿ ಕೊಡುವುದು ಅವಳ ರೂಢಿ. ಅಜ್ಜಿಯ ಪತ್ರ ಹುಡುಕಲು ಫೈಲು ತೆರೆದಳು. ಅರವತ್ತೆರಡೂ ಒಂದೇ ಕಡೆ ಮಡಚಿಕೊಂಡಿದ್ದವು.

"ಓದಿ ಹೇಳ್ತೀನಿ ಅಜ್ಜಿ, ಈಗಲೇ..." ಪತ್ರದ ಮಡಿಕೆ ಬಿಡಿಸತೊಡಗಿದಳು.

"ಇರಲಿ ಬಿಡು, ಅದಕ್ಯಾಕೆ ಮುಖ ಸಣ್ಣ ಮಾಡ್ಕೋತೀಯಾ?" ಅಜ್ಜಿ ಅವಳ ಕೈ ಸವರಿದರು. "ನೀನು ಹಾಕಿ ಅಂದೆ, ಹಾಕಿದೆ."